ಗ್ರಾಮಚರಿತ್ರೆಯೂ ಅಪ್ರಿಯ ಸತ್ಯವೂ

ಕಳೆದ ಯುಗಾದಿಯ ಮರುದಿನ ನಮ್ಮ ಕಮಠಾಣದ ತರುಣರು ನಾಲ್ಕೈದು ಜನ ಮನೆಗೆ ಬಂದು, ಊರಿನ ಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಿಕೊಂಡರು. ವಿಷಯಗಳ ಪಟ್ಟಿಯನ್ನು ಅವರೇ ಸಿದ್ಧಪಡಿಸಿಕೊಂಡು ಬಂದಿದ್ದರು: ಊರಿನ ದೊಡ್ಡ ಕೆರೆ, ಪಾರ್ಶ್ವನಾಥನ ಬಸದಿ, ಗುಡಿಗಳು, ಜಾತ್ರೆ, ನಿಜಾಮನ ಆಳಿಕೆಯಲ್ಲಿ ಕಷ್ಟಪಟ್ಟವರು, ಓದಿ ದೊಡ್ಡ ಹುದ್ದೆಗೇರಿದವರು. ನೂರು ಪುಟಗಳನ್ನು ಮೀರಬಾರದು, ಜಾತ್ರೆಯೊಳಗೆ ಅಚ್ಚಾಗಬೇಕು, ಓದಿದವರಿಗೆ ಊರಿನ ವಿಷಯದಲ್ಲಿ ಅಭಿಮಾನ ಹುಟ್ಟಬೇಕು. ಇಷ್ಟೇ ಅವರ ಅಪೇಕ್ಷೆ. ನಿವೃತ್ತನಾದ ಶಾಲಾಮಾಸ್ತರನಿಗೆ ಹೊತ್ತು ಬಹಳ, ಕೇಳುವವರು ಕಡಿಮೆ. ಆದುದರಿಂದ ನಾನು ಸಂತೋಷದಿಂದಲೇ ಒಪ್ಪಿಕೊಂಡೆನು. ಆ ಪುಸ್ತಕವು ಇನ್ನೂ ಮುಗಿದಿಲ್ಲ. ಅದನ್ನು ಬರೆಯುವಾಗ ಹುಟ್ಟಿದ ಒಂದು ಧರ್ಮಸಂದೇಹವನ್ನು ವಾಚಕರ ಮುಂದಿಡುವದಷ್ಟೇ ಈ ಲೇಖನದ ಉದ್ದೇಶ.

ಮೊದಲಿನ ಪ್ರಕರಣಗಳು ಸುಲಭವಾಗಿ ಸಾಗಿದವು. ಸುಲಭವಾಗಿ ಸಾಗಿದುದನ್ನು ಕಂಡೇ ನಾನು ಎಚ್ಚರಗೊಳ್ಳಬೇಕಾಗಿತ್ತು. ಬೀದರವು ಮಹಾಭಾರತದ ವಿದುರನ ನಗರವೆಂದು ನಮ್ಮ ಕಡೆಯ ಜನರು ಹೇಳುವರು. ಬಿದಿರಿನ ಮೆಳೆಗಳಿಂದ ಆ ಹೆಸರು ಬಂದಿತೆಂಬ ಇನ್ನೊಂದು ಮಾತೂ ಉಂಟು. ನನಗೆ ಇದೇ ಯುಕ್ತವಾಗಿ ತೋರುವದು. ಆದರೆ ಬಿದಿರಿಗಿಂತ ವಿದುರನಿಂದಲೇ ಊರಿಗೆ ಶೋಭೆ ಹೆಚ್ಚೆಂದು ಯಾರಿಗೆ ಅನಿಸದು? ನಾನೂ ಈ ಮೋಹಕ್ಕೆ ಹೊರತಾದವನಲ್ಲ. ಸಂಸ್ಕೃತದಲ್ಲಿ ಕಮಠವೆಂದರೆ ಆಮೆ. ಜೈನಪುರಾಣದಲ್ಲಿ ಪಾರ್ಶ್ವನಾಥನನ್ನು ಜನ್ಮಜನ್ಮಾಂತರಗಳಲ್ಲಿ ಪೀಡಿಸಿದ ವೈರಿಯ ಹೆಸರೂ ಕಮಠನೇ. ನಮ್ಮೂರಿನ ಹೆಸರು ಕಮಠಾಣ; ಊರೊಳಗೆ ಪಾರ್ಶ್ವನಾಥನ ಬಸದಿ. ಎರಡನ್ನೂ ಕೂಡಿಸಿ ‘ಕಮಠಸ್ಥಾನ’ವೆಂಬ ವ್ಯುತ್ಪತ್ತಿಯನ್ನು ಕಟ್ಟಿ, ಎರಡು ಪುಟ ಬರೆದು, ಒಂದು ರಾತ್ರಿಯೆಲ್ಲ ಹಿಗ್ಗಿದೆನು. ಬೆಳಗಾದ ಮೇಲೆ, ಇದಕ್ಕೆ ಶಾಸನಾಧಾರವೇನಾದರೂ ಉಂಟೇ ಎಂದು ನನ್ನನ್ನು ನಾನೇ ಕೇಳಿಕೊಂಡಾಗ ಕೈಯಲ್ಲಿದ್ದುದು ಅಮರಕೋಶವೊಂದೇ. ಆ ಪುಟಗಳನ್ನು ಹರಿದು ಹಾಕಿದೆನು. ಪಾಠಶಾಲೆಯಲ್ಲಿ ಕಲಿತವನಿಗೆ ವ್ಯುತ್ಪತ್ತಿಯೆಂಬದು ಹುಣಿಸೆಕಾಯಿಯಂತೆ. ಕಂಡ ಮಾತ್ರಕ್ಕೆ ಬಾಯಲ್ಲಿ ನೀರೂರುವದು.

ಇಂಥ ಸಿಹಿಯಾದ ಸುಳ್ಳನ್ನು ಬಿಡುವದು ಅಷ್ಟೇನೂ ಕಷ್ಟವಲ್ಲ. ಕಹಿಯಾದ ನಿಜವನ್ನು ಹಿಡಿಯುವದೇ ಕಷ್ಟ. ಹಳೆಯ ಕಾಗದಗಳಿಗಾಗಿ ತಡಕುತ್ತ ಒಂದು ದಿನ ನಮ್ಮ ತಂದೆಯವರ ಟ್ರಂಕನ್ನು ತೆಗೆದೆನು. ಪಂಚಾಂಗಗಳು, ಕಂದಾಯದ ರಸೀದಿಗಳು, ಯಾರದೋ ಜಾತಕ. ಇವೆಲ್ಲವುಗಳ ಕೆಳಗೆ ಹೈದರಾಬಾದ ಸಂಸ್ಥಾನದ ಛಾಪಾ ಕಾಗದದ ಮೇಲೆ ಉರ್ದುವಿನಲ್ಲಿ ಬರೆದ ಒಂದು ಖರೀದಿಪತ್ರವು ದೊರೆಯಿತು. ನನಗೆ ಉರ್ದು ಮಾತು ಬರುವದು, ಲಿಪಿ ಬಾರದು. ನಮ್ಮ ತಂದೆಯವರ ಕಾಲಕ್ಕೆ ಕಚೇರಿಯ ಭಾಷೆಯೇ ಅದಾಗಿತ್ತು. ಬೀದರದಲ್ಲಿ ನನಗೆ ಪರಿಚಿತರಾದ ನಿವೃತ್ತ ಉರ್ದು ಶಿಕ್ಷಕರೊಬ್ಬರ ಬಳಿಗೆ ಅದನ್ನು ಒಯ್ದೆನು. ಅವರು ಕನ್ನಡಕವನ್ನು ಒರೆಸಿಕೊಂಡು ಸಾವಕಾಶವಾಗಿ ಓದಿ ಹೇಳಿದರು: ಕೆರೆಯ ಕೆಳಗಣ ನಾಲ್ಕು ಎಕರೆ ಹೊಲ, ಮಾರಿದವರು ನಮ್ಮದೇ ಓಣಿಯ ಒಂದು ಮುಸಲ್ಮಾನ ಮನೆತನದವರು, ಕೊಂಡವರು ನಮ್ಮ ತಂದೆ, ವರ್ಷ ಫಸಲಿ 1358, ಅಂದರೆ 1948ರ ಚಳಿಗಾಲ. ಬೆಲೆಯ ಸಾಲಿಗೆ ಬಂದಾಗ ಅವರ ಧ್ವನಿಯು ಒಂದು ಕ್ಷಣ ತಡೆಯಿತು. ಹಾಲಿ ಸಿಕ್ಕಾ ರೂಪಾಯಿಗಳಲ್ಲಿ ಬರೆದ ಆ ಮೊತ್ತಕ್ಕೆ ಅಂದು ಒಂದು ಜೊತೆ ಒಳ್ಳೆಯ ಎತ್ತುಗಳೂ ಬರುತ್ತಿರಲಿಲ್ಲ.

“ಮಾಸ್ತರ ಸಾಹೇಬರೇ, ಕಾಗದವೇನೋ ಸರಿಯಾಗಿದೆ,” ಎಂದಷ್ಟೇ ಹೇಳಿ ಅವರು ಅದನ್ನು ಮೊದಲಿನ ಮಡಿಕೆಗಳಲ್ಲಿಯೇ ಮಡಚಿ ನನ್ನ ಕೈಗೆ ಕೊಟ್ಟರು. ಹೆಚ್ಚಿಗೆ ಏನನ್ನೂ ಹೇಳದೆ ಇದ್ದುದು ಅವರ ದೊಡ್ಡತನ. ಚಹ ಕುಡಿದು, ಮೊಮ್ಮಕ್ಕಳ ವಿಷಯ ಮಾತಾಡಿ, ಸಂಜೆಯ ಬಸ್ಸಿಗೆ ಊರಿಗೆ ಮರಳಿದೆನು.

ಆ ಚಳಿಗಾಲವು ಎಂಥದೆಂಬದನ್ನು ನಮ್ಮ ಜಿಲ್ಲೆಯ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೂ ತರುಣರ ಸಲುವಾಗಿ ಹೇಳುವೆನು. ಗುಲಾಮ್ ಯಜ್ದಾನಿಯವರು ಬೀದರದ ಕೋಟೆ, ಗೋರಿ, ಮದರಸಗಳನ್ನು ಕುರಿತು ಬರೆದ ಮಹಾಗ್ರಂಥವು ಇಂಗ್ಲಿಷಿನಲ್ಲಿ ಪ್ರಕಟವಾದುದು 1947ರಲ್ಲಿ. ಕಲ್ಲುಗಳ ವಿಷಯದಲ್ಲಿ ಅಂಥ ಪುಸ್ತಕವು ನಮ್ಮ ಜಿಲ್ಲೆಗೆ ಮತ್ತೊಂದಿಲ್ಲ. ಅದು ಅಚ್ಚಾದ ಮರುವರ್ಷವೇ ಕಲ್ಲಿನಲ್ಲಿ ಬರೆಯದ ಚರಿತ್ರೆಯು ಈ ನೆಲದ ಮೇಲೆ ನಡೆದುಹೋಯಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮಕ್ಕೆ ರಜಾಕಾರರು ನುಗ್ಗಿ ಕೊಲೆಗಳನ್ನು ಮಾಡಿದರು. ಸತ್ತವರು ಇನ್ನೂರಕ್ಕೂ ಮೇಲೆಂದು ಆ ಊರವರು ಹೇಳುತ್ತ ಬಂದಿದ್ದಾರೆ. ಅಲ್ಲಿ 2023ರಲ್ಲಿ ಒಂದು ಸ್ಮಾರಕವು ಅನಾವರಣಗೊಂಡಿತು. ಅದೇ 1948ರ ಸಪ್ಟೆಂಬರ 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಹೊಕ್ಕು ಐದು ದಿವಸಗಳಲ್ಲಿ ನಿಜಾಮನ ಆಳಿಕೆಗೆ ಮುಕ್ತಾಯ ಹಾಡಿತು. ಸಪ್ಟೆಂಬರ 17ನ್ನು ನಾವು ವಿಮೋಚನೆಯ ದಿನವೆಂದು ಆಚರಿಸುವೆವು, ಆಚರಿಸತಕ್ಕದ್ದೇ. ಆದರೆ ಆ ದಿನಗಳಲ್ಲಿಯೂ ಅವುಗಳ ಬೆನ್ನಿಗೂ ಊರೂರುಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡು ತೀರಿತು. ಆ ವರ್ಷದ ಕೊನೆಯಲ್ಲಿ ಪಂಡಿತ ಸುಂದರಲಾಲರೂ ಕಾಜಿ ಅಬ್ದುಲ್ ಗಫಾರರೂ ಮೌಲಾನಾ ಅಬ್ದುಲ್ಲಾ ಮಿಸ್ರಿಯವರೂ ಸಂಸ್ಥಾನದಲ್ಲಿ ಸಂಚರಿಸಿ ಭಾರತ ಸರಕಾರಕ್ಕೆ ವರದಿಯನ್ನು ಒಪ್ಪಿಸಿದರು. ಸಂಸ್ಥಾನದಲ್ಲೆಲ್ಲ ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅವರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಕಲಬುರ್ಗಿ, ನಾಂದೇಡಗಳೊಡನೆ ನಮ್ಮ ಬೀದರವನ್ನೂ ಅವರು ಹೆಸರಿಸಿದ್ದಾರೆ. ಆ ಸಂಖ್ಯೆಯ ವಿಷಯದಲ್ಲಿ ವಾದವು ಇಂದಿಗೂ ಮುಗಿದಿಲ್ಲ. ವರದಿಯನ್ನು ಸರಕಾರವು ಪ್ರಕಟಿಸಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ದೊರೆಯುವಂತಾದುದು 2013ರ ಸುಮಾರಿಗೆ. ಅಷ್ಟರೊಳಗೆ ನೋಡಿದವರಲ್ಲಿ ಬಹುಮಂದಿ ತೀರಿಹೋಗಿದ್ದರು.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದುಂಟು, ಅದು ಕೊಲೆಯದಲ್ಲ. ಅನೇಕ ಕಡೆಗಳಲ್ಲಿ ಹಿಂದೂಗಳು ತಮ್ಮ ನೆರೆಯ ಮುಸಲ್ಮಾನರನ್ನು ಪ್ರಾಣದ ಹಂಗು ತೊರೆದು ಕಾಪಾಡಿದರೆಂದೂ, ಒಂದೇ ಕಸುಬಿನವರಲ್ಲಿ ಈ ಭಾವವು ವಿಶೇಷವಾಗಿ ಕಂಡುಬಂದಿತೆಂದೂ, ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಸಲುವಾಗಿ ತಾವೇ ಪೆಟ್ಟು ತಿಂದು ಸತ್ತುದೂ ಉಂಟೆಂದೂ ಅವರು ಬರೆದಿದ್ದಾರೆ. ಗೋರ್ಟಾದ ಸತ್ತವರಿಗೆ ಕಲ್ಲು ನಿಂತಿತು, ಒಳ್ಳೆಯದಾಯಿತು. ಸಪ್ಟೆಂಬರದ ಸತ್ತವರಿಗೆ ಎಲ್ಲಿಯೂ ಕಲ್ಲು ನಿಂತುದನ್ನು ನಾನು ಕಂಡಿಲ್ಲ. ಮಗ್ಗವನ್ನು ಬಿಟ್ಟು ಬಾಗಿಲಿಗೆ ಅಡ್ಡ ನಿಂತ ಆ ನೇಕಾರರ ಹೆಸರುಗಳೂ ನಮಗೆ ಉಳಿದಿಲ್ಲ. ಮುಚ್ಚಿಟ್ಟ ಚರಿತ್ರೆಯಲ್ಲಿ ಪಾಪದ ಸಂಗಡ ಪುಣ್ಯವೂ ಮುಚ್ಚಿಹೋಗುವದು. ಒಂದನ್ನು ಆರಿಸಿ ಇನ್ನೊಂದನ್ನು ಹೊರಗಿಡುವ ಜರಡಿಯನ್ನು ಯಾರೂ ಇನ್ನೂ ಮಾಡಿಲ್ಲ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುವದು ಅವಶ್ಯ. ಮೇ ತಿಂಗಳದನ್ನೂ ಸಪ್ಟೆಂಬರ ತಿಂಗಳದನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸರಿತೂಗಿಸುವದು ನನ್ನ ಇಚ್ಛೆಯಲ್ಲ. ಹಾಗೆ ತೂಗುವವರೇ ಈ ಎಪ್ಪತ್ತು ವರ್ಷಗಳಲ್ಲಿ ಹೆಚ್ಚು ಕೆಡಿಸಿದವರು. ಅದು ನಡೆದುದರಿಂದ ಇದು ನಡೆಯಿತು, ಆದುದರಿಂದ ಇದರ ಮಾತೇ ಬೇಡವೆಂದು ಒಬ್ಬನು. ಇದರ ಮುಂದೆ ಅದೇನು ಮಹಾ ಎಂದು ಇನ್ನೊಬ್ಬನು. ಸತ್ತ ಕೂಸಿಗೆ ಮೇ ಯಾವದು, ಸಪ್ಟೆಂಬರ ಯಾವದು?

ತರುಣರಿಗೆ ನಾನು ಖರೀದಿಪತ್ರದ ಸಂಗತಿಯನ್ನು ಹೇಳಿದೆನು. ಅವರಲ್ಲಿ ಚುರುಕಾದವನೊಬ್ಬನು, “ಗುರುಗಳೇ, ಬೂದಿ ಮುಚ್ಚಿದ ಕೆಂಡವನ್ನು ಊದುವದು ಏಕೆ? ಊರಲ್ಲಿ ಎಲ್ಲರೂ ಕೂಡಿ ಇದ್ದೇವೆ. ಮನುವೇ ಅಪ್ರಿಯವಾದ ಸತ್ಯವನ್ನು ಹೇಳಬಾರದೆಂದಿದ್ದಾನೆಂದು ಎಂಟನೆಯ ಇಯತ್ತೆಯಲ್ಲಿ ನೀವೇ ನಮಗೆ ಕಲಿಸಿದ್ದಿರಿ,” ಎಂದನು. ಶಿಷ್ಯನು ಗುರುವಿನ ಬಾಣವನ್ನೇ ಗುರುವಿಗೆ ಎಸೆದರೆ ಕೋಪ ಬರಬಾರದು. ನನಗೆ ಸ್ವಲ್ಪ ಬಂದಿತು. ಆ ಹೊತ್ತಿಗೆ ತಕ್ಕ ಉತ್ತರವು ಹೊಳೆಯದೆ ಸುಮ್ಮನಾದೆನು.

ಆಮೇಲೆ ಹಲವು ದಿನ ಆ ವಾಕ್ಯವನ್ನೇ ಮೆಲುಕಾಡಿದೆನು. ಮನುವು ಅಪ್ರಿಯ ಸತ್ಯವನ್ನು ನಿಷೇಧಿಸಿದುದು ನಿಜ. ಆದರೆ ಪ್ರಿಯವಾದ ಅಸತ್ಯವನ್ನೂ ಅದೇ ಶ್ಲೋಕದಲ್ಲಿ ನಿಷೇಧಿಸಿದ್ದಾನೆ. ಇದನ್ನು ನಾವು ಮರೆಯುವೆವು. ಊರಿನ ಚರಿತ್ರೆಯಲ್ಲಿ ಕೆರೆಯನ್ನೂ ಬಸದಿಯನ್ನೂ ಜಾತ್ರೆಯನ್ನೂ ಬಣ್ಣಿಸಿ, ಕೆರೆಯ ಕೆಳಗಿನ ಹೊಲವು ಕೈಬದಲಾದುದನ್ನು ಬಿಟ್ಟರೆ, ಸುಳ್ಳನ್ನು ಒಂದಕ್ಷರವೂ ಬರೆಯದೆಯೇ ನೂರು ಪುಟಗಳ ಪ್ರಿಯವಾದ ಅಸತ್ಯವು ಸಿದ್ಧವಾಗುವದು. ಇನ್ನೊಂದು ಸಂಗತಿಯು ಹೆಚ್ಚು ಮುಖ್ಯವಾದುದು. ಆ ನಿಷೇಧವು ಯಾರಿಗೆ ಅಪ್ರಿಯವಾದ ಸತ್ಯವನ್ನು ಕುರಿತದ್ದು? ಕೇಳುವವನಿಗೆ ಎಂದು ಸಾಮಾನ್ಯವಾಗಿ ಅರ್ಥಮಾಡುವರು. ಕುಂಟನನ್ನು ಕುಂಟನೆಂದು ಕೂಗಬೇಡ ಎಂಬದಷ್ಟೇ ಅದರ ತಿರುಳೆಂದು ನನ್ನ ತಿಳಿವಳಿಕೆ. ಹೇಳುವವನಿಗೇ ಅಪ್ರಿಯವಾದ ಸತ್ಯವನ್ನು ಹೇಳಬೇಡವೆಂದು ಯಾವ ಧರ್ಮಶಾಸ್ತ್ರಕಾರನೂ ಹೇಳಿಲ್ಲ. ಹಾಗೆ ಹೇಳಿದ್ದರೆ ಪ್ರಾಯಶ್ಚಿತ್ತದ ಅಧ್ಯಾಯಗಳಿಗೆ ಅವಕಾಶವೇ ಇರುತ್ತಿರಲಿಲ್ಲ. ಅಲ್ಲಿ ಪಾಪಿಯು ತನ್ನ ಪಾಪವನ್ನು ತಾನೇ ಜನರ ಮುಂದೆ ಹೇಳಿಕೊಳ್ಳಬೇಕಾಗುವದು.

ಮಹಾಭಾರತದ ಕರ್ಣಪರ್ವದಲ್ಲಿ ಬರುವ ಕೌಶಿಕನ ಕಥೆಯೂ ಇದಕ್ಕೆ ವಿರೋಧವಲ್ಲವೆಂದು ನನಗೆ ತೋರುವದು. ಸತ್ಯವನ್ನೇ ನುಡಿವೆನೆಂಬ ವ್ರತವುಳ್ಳ ಆ ತಪಸ್ವಿಯು, ಕಳ್ಳರಿಗಂಜಿ ಕಾಡಿನಲ್ಲಿ ಅಡಗಿದ ಜನರ ಜಾಡನ್ನು ಕಳ್ಳರಿಗೆ ತೋರಿಸಿಕೊಟ್ಟು ಅವರ ಸಾವಿಗೆ ಕಾರಣನಾಗಿ, ನರಕಕ್ಕೆ ಹೋದನು. ಇದನ್ನು ಕೃಷ್ಣನು ಅರ್ಜುನನಿಗೆ ಹೇಳುವನು. ಸತ್ಯವು ಯಾರ ಕೈಗೆ ಸೇರುವದೆಂಬ ವಿಚಾರವಿಲ್ಲದೆ ನುಡಿಯುವವನು ಧರ್ಮವನ್ನರಿಯನೆಂಬದು ಅದರ ಭಾವ. ಇಂದಿಗೂ ಕಾಡಿನ ಅಂಚಿನಲ್ಲಿ ಆಯುಧ ಹಿಡಿದು ನಿಂತು, ಹಳೆಯ ಕಥೆಗಳಿಗಾಗಿಯೇ ಕಾಯುವವರು ಇಲ್ಲವೆಂದು ನಾನು ಹೇಳಲಾರೆನು. ಎರಡೂ ಕಡೆಗೆ ಇದ್ದಾರೆ. ನೆರೆಮನೆಯವನ ಅಜ್ಜನ ಅಪರಾಧವನ್ನು ನಾನು ಬರೆದರೆ, ಅದು ಅವನ ಮೊಮ್ಮಗನ ಬೆನ್ನಿಗೆ ಬೀಳುವ ಬಡಿಗೆಯಾದೀತು. ಆದರೆ ನಮ್ಮ ತಂದೆಯ ಹೊಲದ ಕಥೆಯನ್ನು ನಾನು ಬರೆದರೆ ಆ ಬಡಿಗೆಯು ಯಾರ ಬೆನ್ನಿಗೆ ಬಿದ್ದೀತು? ನನ್ನದಕ್ಕೇ. ಕೌಶಿಕನು ಇತರರ ಅಡಗುದಾಣವನ್ನು ತೋರಿಸಿದನು. ತನ್ನದನ್ನು ತೋರಿಸಿದ್ದರೆ ಅವನು ಯಾವ ಲೋಕಕ್ಕೆ ಹೋಗುತ್ತಿದ್ದನೋ!

ಚರಿತ್ರೆಯನ್ನು ಬರೆಯುವ ಎರಡು ಬಗೆಗಳಿಗೆ ನಮ್ಮ ಸಂಸ್ಕೃತದಲ್ಲಿಯೇ ಎರಡು ಮಾದರಿಗಳುಂಟು, ಇಬ್ಬರೂ ಕಾಶ್ಮೀರದವರು. ಬಿಲ್ಹಣನು ದೇಶವನ್ನು ಬಿಟ್ಟು ಬಂದು, ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ವಿದ್ಯಾಪತಿಯಾಗಿ ‘ವಿಕ್ರಮಾಂಕದೇವಚರಿತ’ವನ್ನು ಬರೆದನು. 1076ರಲ್ಲಿ ವಿಕ್ರಮಾದಿತ್ಯನು ತನ್ನ ಅಣ್ಣನಾದ ಸೋಮೇಶ್ವರನನ್ನು ಗೆದ್ದು ಸಿಂಹಾಸನವನ್ನೇರಿದನಷ್ಟೆ. ಬಿಲ್ಹಣನ ಕಾವ್ಯದಲ್ಲಿ ತಪ್ಪೆಲ್ಲ ಅಣ್ಣನದು. ತಮ್ಮನಿಗೋ ಯುದ್ಧವೇ ಬೇಡವಾಗಿತ್ತು, ಸಾಕ್ಷಾತ್ ಶಿವನೇ ಕಾಣಿಸಿಕೊಂಡು ಅಪ್ಪಣೆ ಕೊಟ್ಟುದರಿಂದ ಕಾದಬೇಕಾಯಿತು! ಕಾವ್ಯವು ಬಲು ಸೊಗಸಾದುದು, ನಾನು ಅದನ್ನು ಎಷ್ಟೋ ಸಲ ಓದಿರುವೆನು. ಆದರೆ ಸೋಮೇಶ್ವರನ ಕಡೆಯ ಮಾತೇನಿತ್ತೆಂಬದು ನಮಗೆ ಎಂದಿಗೂ ತಿಳಿಯಲಾರದು. ಇನ್ನೊಬ್ಬನು ಕಲ್ಹಣ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ‘ರಾಜತರಂಗಿಣಿ’ಯನ್ನು ಬರೆಯಹೊರಟಾಗ ಅವನು, ನಡೆದುದನ್ನು ಹೇಳುವವನ ವಾಣಿಯು ನ್ಯಾಯಾಧೀಶನದರಂತೆ ರಾಗದ್ವೇಷಗಳಿಲ್ಲದೆ ಇರಬೇಕೆಂಬ ಅಭಿಪ್ರಾಯವನ್ನು ಮೊದಲಿಗೇ ಇಟ್ಟನು. ಅವನ ತಂದೆಯು ಹರ್ಷರಾಜನ ಮಂತ್ರಿಯಾಗಿದ್ದವನು. ಆದರೂ ಹರ್ಷನು ದೇವಾಲಯಗಳನ್ನು ಸುಲಿದುದನ್ನು ಕಲ್ಹಣನು ಮುಚ್ಚಿಡಲಿಲ್ಲ. ತನ್ನ ಮನೆಗೆ ಅನ್ನವಿಟ್ಟವನ ದೋಷವನ್ನು ಬರೆದುದರಿಂದಲೇ ಮಿಕ್ಕ ಅರಸರ ವಿಷಯದಲ್ಲಿ ಅವನನ್ನು ನಂಬಲು ನನಗೆ ಧೈರ್ಯ ಬರುವದು.

ನಮ್ಮ ಕಾಲದಲ್ಲಿ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ನಿದ್ರಿಸುತ್ತಿದ್ದ ಜನರನ್ನು ಎಬ್ಬಿಸಿದರು. ಆಗ ಎಬ್ಬಿಸುವದು ಬೇಕಾಗಿತ್ತು. ಎದ್ದವನು ಮುಖ ತೊಳೆದುಕೊಳ್ಳುವದೂ ಬೇಕಷ್ಟೆ.

ಈ ಗೊಂದಲವು ನಮಗೊಬ್ಬರಿಗೇ ಬಂದುದಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಅಮೇರಿಕೆಯಲ್ಲಿರುವನು. ರಜೆಯಲ್ಲಿ ಬಂದಾಗ ನಾನು ಊರಿನ ಚರಿತ್ರೆಯನ್ನು ಬರೆಯುವ ಸುದ್ದಿ ಕೇಳಿ, ಅಲ್ಲಿಯ ಹಳ್ಳಿಗಾಡಿನವರು ತಮ್ಮ ಚರಿತ್ರೆಗಳನ್ನು ಬರೆದುಕೊಂಡ ಬಗೆಯನ್ನು ವಿವರಿಸಿದನು. ಅಲ್ಲಿ ‘ಕೌಂಟಿ’ ಎಂದು ನಮ್ಮ ತಾಲೂಕು-ಜಿಲ್ಲೆಗಳನ್ನು ಹೋಲುವ ವಿಭಾಗಗಳಿವೆ. ದೇಶವು ಸ್ವತಂತ್ರವಾಗಿ ನೂರು ವರ್ಷಗಳು ತುಂಬಿದ 1876ರಲ್ಲಿ, ಪ್ರತಿಯೊಂದು ಕೌಂಟಿಯ ಮತ್ತು ಊರಿನ ಜನರು ಒಂದೆಡೆ ಕೂಡಿ ತಮ್ಮ ಸ್ಥಳದ ಚರಿತ್ರೆಯನ್ನು ಓದಿಸಿ, ಒಂದು ಪ್ರತಿಯನ್ನು ಸ್ಥಳೀಯ ಕಚೇರಿಯಲ್ಲಿಯೂ ಇನ್ನೊಂದನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ ಇಡಬೇಕೆಂದು ಅಲ್ಲಿಯ ಶಾಸನಸಭೆಯೇ ಸೂಚಿಸಿತಂತೆ. ಎಂಥ ಒಳ್ಳೆಯ ಯೋಜನೆ! ಅದರ ಹಿಂದೆಯೇ ಪ್ರಕಾಶಕರು ಊರೂರು ತಿರುಗಿ ಕೌಂಟಿಯ ದಪ್ಪ ಚರಿತ್ರೆಗಳಿಗೆ ಚಂದಾ ಕೂಡಿಸಿದರು. ಚಂದಾ ಕೊಟ್ಟವರ ಜೀವನಚರಿತ್ರೆಗಳೂ ಚಿತ್ರಗಳೂ ಅವುಗಳಲ್ಲಿ ಸೇರಿದವು. ಕೊಡದವರು ಆ ನೆಲದಲ್ಲಿ ಹುಟ್ಟಿಯೇ ಇರಲಿಲ್ಲವೆಂಬಂತೆ! ಬಿಳಿಯರು ಬರುವ ಮೊದಲು ಅಲ್ಲಿದ್ದ ಮೂಲನಿವಾಸಿಗಳಿಗೆ ಎಷ್ಟೋ ಪುಸ್ತಕಗಳಲ್ಲಿ ಒಂದೆರಡು ಪುಟ. ನಮ್ಮ ಜಾತ್ರೆಯ ಪುಸ್ತಕಕ್ಕೂ ಹಣ ಕೊಟ್ಟವರ ಭಾವಚಿತ್ರಗಳನ್ನು ಹಾಕುವ ಯೋಚನೆ ಇರುವದರಿಂದ ನಾನು ಹೆಚ್ಚು ನಗಲಿಲ್ಲ.

ಅಲ್ಲಿಯ ಅರ್ಕಾನ್ಸಾಸ್ ಪ್ರಾಂತದ ಫಿಲಿಪ್ಸ್ ಎಂಬ ಹತ್ತಿ ಬೆಳೆಯುವ ಕೌಂಟಿಯ ಸಂಗತಿಯನ್ನು ಅವನು ಹೇಳಿದಾಗ ಮಾತ್ರ ನನ್ನ ಮೈ ಜುಮ್ಮೆಂದಿತು. 1919ರ ಸಪ್ಟೆಂಬರದ ಕೊನೆಯ ರಾತ್ರಿ, ಎಲೇನ್ ಎಂಬ ಊರಿನ ಹತ್ತಿರದ ಒಂದು ಚರ್ಚಿನಲ್ಲಿ ಕಪ್ಪು ವರ್ಣದ ಗೇಣಿದಾರರು, ತಾವು ಬೆಳೆದ ಹತ್ತಿಗೆ ಸರಿಯಾದ ಲೆಕ್ಕವನ್ನು ಕೇಳುವದಕ್ಕಾಗಿ ಸಭೆ ಕೂಡಿದ್ದರು. ಅಲ್ಲಿ ಗುಂಡು ಹಾರಿತು. ಮುಂದಿನ ಕೆಲವು ದಿನಗಳಲ್ಲಿ ಬಿಳಿಯರ ಗುಂಪುಗಳೂ ಸೈನಿಕರೂ ಕೊಂದ ಕಪ್ಪು ಜನರು ನೂರು, ಇನ್ನೂರು, ಇನ್ನೂ ಹೆಚ್ಚೆಂದು ಬೇರೆ ಬೇರೆ ಎಣಿಕೆಗಳಿವೆ. ಗಲ್ಲಿನ ಶಿಕ್ಷೆಯಾದುದೂ ಕಪ್ಪು ಜನರಲ್ಲಿಯೇ ಹನ್ನೆರಡು ಮಂದಿಗೆ. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಗುಂಪಿನ ಬೆದರಿಕೆಗೆ ಒಳಗಾದ ವಿಚಾರಣೆಯು ವಿಚಾರಣೆಯೇ ಅಲ್ಲವೆಂಬ ನ್ಯಾಯವನ್ನು ಎತ್ತಿಹಿಡಿದುದರಿಂದ ಮುಂದೆ ಅವರು ಬದುಕಿಕೊಂಡರು. ಆ ಕೌಂಟಿಯ ಮುಖ್ಯ ಪಟ್ಟಣವಾದ ಹೆಲೆನಾದಲ್ಲಿ ಸತ್ತವರ ಸ್ಮಾರಕವು ನಿಂತುದು 2019ರಲ್ಲಿ. ನೂರು ವರ್ಷಗಳು! ಹೊಲ, ಬೆಳೆ, ಲೆಕ್ಕ, ಅಂಜಿಕೆ. ಸಮುದ್ರಗಳನ್ನು ದಾಟಿ ಹೋದರೂ ಹಳ್ಳಿಯ ಪಾಪವು ಈ ನಾಲ್ಕು ಮಾತುಗಳೊಳಗೇ ಸುತ್ತುವದು.

ಬೆದರಿಕೆಯ ಮಾತು ಬಂದುದರಿಂದ ನಾನು ನಮ್ಮ ಖರೀದಿಪತ್ರಕ್ಕೆ ಮರಳುವೆನು. ಈ ವಿಷಯದಲ್ಲಿ ತೀರ್ಪು ಕೊಡಬಲ್ಲವರು ನಮ್ಮ ಜಿಲ್ಲೆಯಲ್ಲಿಯೇ ಇದ್ದರು. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಬಿಲ್ಹಣನು ಅರಸನನ್ನು ಹೊಗಳುತ್ತಿದ್ದ ಕಾಲದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಬಂಗಾಲವನ್ನು ಬಿಟ್ಟು ಭಾರತದ ಬಹುಭಾಗದ ನ್ಯಾಯಾಲಯಗಳು ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ಅದನ್ನೇ ಪ್ರಮಾಣವೆಂದು ಹಿಡಿದವು. ವ್ಯವಹಾರದಲ್ಲಿ ಪ್ರಮಾಣಗಳು ಮೂರು: ಬರಹ, ಭೋಗ, ಸಾಕ್ಷಿ. ನಮ್ಮ ಮನೆಯಲ್ಲಿ ಮೂರೂ ಇವೆ. ಬರಹವಿದೆ, ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಭೋಗವಿದೆ, ಕಾಗದದ ಕೆಳಗೆ ಸಾಕ್ಷಿಗಳ ಹೆಬ್ಬೆಟ್ಟುಗಳಿವೆ. ಆದರೆ ಬಲಾತ್ಕಾರದಿಂದಲೋ ಮೋಸದಿಂದಲೋ ಆದ ಬರಹವು ಪ್ರಮಾಣವಲ್ಲವೆಂದು ಅದೇ ಶಾಸ್ತ್ರವು ಹೇಳುವದು. ನಮ್ಮ ತಂದೆಯವರು ಬಲಾತ್ಕಾರ ಮಾಡಿದರೇ? ಎಂದಿಗೂ ಇಲ್ಲ, ಜೋರಾಗಿ ಮಾತಾಡಿದವರೇ ಅವರಲ್ಲ. ಮೋಸ ಮಾಡಿದರೇ? ಅದೂ ಇಲ್ಲ, ಮಾರುವವರೇ ಬಂದು ಕೇಳಿದ್ದರೆಂದು ತಾಯಿಯವರು ಹೇಳುತ್ತಿದ್ದರು. ಬಲಾತ್ಕಾರವು ನಮ್ಮ ಮನೆಯಲ್ಲಿ ಇರಲಿಲ್ಲ, ಓಣಿಯಲ್ಲಿಯೂ ಇರಲಿಲ್ಲ. ಅದು ಆ ಚಳಿಗಾಲದ ಗಾಳಿಯಲ್ಲಿತ್ತು. ಹೈದರಾಬಾದಿಗೆ ಹೋಗಿ ಬದುಕಿಕೊಂಡರೆ ಸಾಕೆಂದು ಮೂಟೆ ಕಟ್ಟಿದವನು ಹೊಲಕ್ಕೆ ಹೇಳುವ ಬೆಲೆಯನ್ನು ಅವನು ಹೇಳುವನೋ, ಅವನ ಅಂಜಿಕೆಯು ಹೇಳುವದೋ? ಕಾಲವು ಮಾಡಿದ ಬಲಾತ್ಕಾರದ ಫಲವನ್ನು ಶಾಂತವಾಗಿ ಕುಳಿತು, ಛಾಪಾ ಕಾಗದದ ಮೇಲೆ ಕೊಂಡುಕೊಂಡವನು ಶುದ್ಧನೋ ಅಲ್ಲವೋ? ವಿಜ್ಞಾನೇಶ್ವರನ ಪುಟಗಳನ್ನು ನಾನು ತಿರುವಿ ತಿರುವಿ ನೋಡಿದೆನು. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದಂತೆ ತೋರಲಿಲ್ಲ.

ಬೀದರದ ಜನರಿಗೆ ಮುದ್ರೆಯ ಕಾಗದದ ವಿಷಯದಲ್ಲಿ ಒಂದು ಹಳೆಯ ಪಾಠವುಂಟು. ಮದರಸವನ್ನು ಕಟ್ಟಿಸಿದ ಮಹಮೂದ ಗವಾನನ ವೈರಿಗಳು, ಅವನ ಮುದ್ರೆಯಿದ್ದ ಬರಿಯ ಹಾಳೆಯ ಮೇಲೆ ರಾಜದ್ರೋಹದ ಪತ್ರವನ್ನು ಬರೆದು ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲದೆ 1481ರಲ್ಲಿ ಆ ವೃದ್ಧಮಂತ್ರಿಯ ತಲೆ ಉರುಳಿತು. ಅಲ್ಲಿ ಮುದ್ರೆಯು ನಿಜ, ಮಾತು ಸುಳ್ಳು. ನಮ್ಮ ಕಾಗದದಲ್ಲಿ ಮುದ್ರೆಯೂ ನಿಜ, ಮಾತೂ ನಿಜ. ಆದರೂ ಅದನ್ನು ಓದಿದ ವೃದ್ಧರ ಧ್ವನಿಯು ತಡೆಯಿತು.

ತಂದೆಯ ದೋಷವನ್ನು ಮಗನು ಬರೆಯುವದು ಪಿತೃದ್ರೋಹವಲ್ಲವೇ ಎಂದು ವಾಚಕರು ಕೇಳಬಹುದು. ನಾನೂ ಕೇಳಿಕೊಂಡಿರುವೆನು, ರಾತ್ರಿ ಎರಡು ಗಂಟೆಗೆ, ಒಂದು ಸಲವಲ್ಲ. ತಂದೆಯು ತೀರಿಸದೆ ಹೋದ ಸಾಲವನ್ನು ಮಗನು ತೀರಿಸತಕ್ಕದ್ದೆಂದು ಶಾಸ್ತ್ರವಿದೆ. ಸಾಲ ಇತ್ತೆಂದು ಒಪ್ಪಿಕೊಳ್ಳದೆ ತೀರಿಸುವದು ಹೇಗೆ? ಸಾಲವಿತ್ತೆಂದ ಮಾತ್ರಕ್ಕೆ ತಂದೆಯು ಕೆಟ್ಟವನೆಂದು ಆಗುವದೂ ಇಲ್ಲ. ಅದಕ್ಕಾಗಿಯೇ ಈ ಕಥೆಯ ಇನ್ನರ್ಧವನ್ನೂ ಬರೆಯಬೇಕಾಗುವದು.

ಆ ಮನೆಯವರು ಊರು ಬಿಡುವಾಗ ತಮ್ಮ ತಾಮ್ರದ ಪಾತ್ರೆಗಳನ್ನೆಲ್ಲ ನಮ್ಮ ಮನೆಯಲ್ಲಿ ಇಟ್ಟುಹೋದರು. ಹಂಡೆ, ಕೊಡಪಾನ, ಪರಾತ, ಬಟ್ಟಲು, ಎಲ್ಲ ಸೇರಿ ಒಂದು ಗಾಡಿಯಷ್ಟು. ನಮ್ಮ ತಂದೆಯವರು ಅವುಗಳನ್ನು ಎಣಿಸಿ, ಒಂದು ಚೀಟಿಯಲ್ಲಿ ಬರೆದು, ಅಟ್ಟದ ಮೇಲೆ ಇಟ್ಟರು. ಮನೆಯಲ್ಲಿ ಮದುವೆಯಾದಾಗಲೂ ಅವುಗಳನ್ನು ಇಳಿಸಗೊಡಲಿಲ್ಲ. ನೆರೆಯವರ ಮನೆಗಳಿಂದ ಪಾತ್ರೆಗಳನ್ನು ತರಿಸಿದರು. ಎರಡು ವರ್ಷಗಳ ಮೇಲೆ ಆ ಮನೆಯ ಹಿರಿಯ ಹೆಂಗಸು ಒಬ್ಬಳೇ ಬಂದಳು. ನಮ್ಮ ತಾಯಿಯವರು ಆಕೆಯನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದರು. ಚೀಟಿಯನ್ನು ಓದಿ ಓದಿ ಒಂದೊಂದನ್ನೇ ಇಳಿಸಿದರು. ಒಂದು ಬಟ್ಟಲೂ ಕಡಿಮೆಯಾಗಿರಲಿಲ್ಲ. ತಂದೆಯವರು ತಾವೇ ಗಾಡಿ ಕಟ್ಟಿಸಿ ಬೀದರದ ಸ್ಟೇಷನ್ನಿನವರೆಗೆ ಹೋಗಿ ಕಳುಹಿಸಿ ಬಂದರು. ಹೊಲದ ಮಾತನ್ನು ಆಕೆ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಗಾಡಿಯು ಕೆರೆಯ ಏರಿಯ ಮೇಲೆ ಹೋಗುವಾಗ ಆಕೆ ಕೆಳಗಿನ ಹೊಲದ ಕಡೆಗೆ ನೋಡದೆ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದಳೆಂದು ತಾಯಿಯವರು ಹೇಳುತ್ತಿದ್ದರು. ತಾಯಿಯವರು ಈ ಸಂಗತಿಯನ್ನು ತಂದೆಯವರ ಪ್ರಾಮಾಣಿಕತೆಗೆ ಉದಾಹರಣೆಯಾಗಿ ನಮಗೆ ಎಷ್ಟೋ ಸಲ ಹೇಳಿದ್ದರು. ಸೆರಗಿನ ಮಾತನ್ನು ಮಾತ್ರ ಕೊನೆಯ ಕಾಯಿಲೆಯಲ್ಲಿ ಒಂದು ಸಲ ಹೇಳಿದರು. ಒಂದು ಬಟ್ಟಲನ್ನು ಮುಟ್ಟದ ಕೈಯೇ ನಾಲ್ಕು ಎಕರೆಯನ್ನು ಆ ಬೆಲೆಗೆ ಕೊಂಡಿತು. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯದಿದ್ದರೆ ನಮ್ಮ ತಂದೆಯವರ ವಿಷಯದಲ್ಲಿ ನಾನು ಎರಡು ಸುಳ್ಳುಗಳನ್ನು ಬರೆದಂತಾಗುವದು.

ಬರೆದೆನು. ಮಾರಿದವರ ಹೆಸರನ್ನು ಬಿಟ್ಟೆನು. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿರುವರೋ, ಅವರಿಗೆ ಇದು ಬೇಕೋ ಬೇಡವೋ ಎಂದು ಕೇಳುವ ಮೊದಲು ಅವರ ಹೆಸರಿನ ಮೇಲೆ ನನಗೆ ಅಧಿಕಾರವಿಲ್ಲ. ಉರ್ದು ಶಿಕ್ಷಕರು ಹೈದರಾಬಾದಿನಲ್ಲಿ ವಿಚಾರಿಸುವೆನೆಂದು ಹೇಳಿದ್ದಾರೆ. ನಮ್ಮ ಮನೆಯ ಹೆಸರನ್ನೂ ಬೆಲೆಯನ್ನೂ ವರ್ಷವನ್ನೂ ಬಿಡಲಿಲ್ಲ. ಗೋರ್ಟಾದ ಸಂಗತಿಯನ್ನೂ ಸುಂದರಲಾಲರ ವರದಿಯನ್ನೂ ಅದರ ಹಿಂದಿನ ಪುಟಗಳಲ್ಲಿ, ಒಂದರಿಂದ ಇನ್ನೊಂದನ್ನು ಅಳೆಯದೆ ಬರೆದೆನು. ತರುಣರು ಇನ್ನೂ ಒಪ್ಪಿಲ್ಲ. ಆ ಪುಟಗಳನ್ನು ಬಿಡುವದಾದರೆ ನನ್ನ ಹೆಸರನ್ನೂ ಮುಖಪುಟದಿಂದ ಬಿಡಿರಿ ಎಂದು ಹೇಳಿ ಕಳುಹಿದ್ದೇನೆ. ಸೆಡವು ಎಂದರೆ ಎನ್ನಲಿ.

ಹೊಲವನ್ನು ಇಂದು ಮಾಡುವವನು ನನ್ನ ತಮ್ಮ. ಅವನಿಗೆ ತೋರಿಸದೆ ಅಚ್ಚಿಗೆ ಕಳುಹುವದು ಅನ್ಯಾಯವೆಂದು ಕಾಗದಗಳನ್ನು ಅವನ ಮುಂದಿಟ್ಟೆನು. ಅವನು ಹೆಚ್ಚು ಓದಿದವನಲ್ಲ. ಬೆರಳಿಟ್ಟು ಸಾಲುಸಾಲಾಗಿ ಓದಿದನು. “ಅಣ್ಣಾ, ಇದರಿಂದ ಹೊಲಕ್ಕೆ ಏನಾದರೂ ಆದೀತೇ?” ಎಂದು ಕೇಳಿದನು. ಏನಾಗುವದೋ ನನಗೆ ತಿಳಿಯದೆಂದು ನಿಜವನ್ನೇ ಹೇಳಿದೆನು. ಅವನು ಎದ್ದು ಹೋದನು. ಮೂರು ದಿನ ನಮ್ಮ ಮನೆಯ ಕಡೆಗೆ ಸುಳಿಯಲಿಲ್ಲ. ನಾಲ್ಕನೆಯ ದಿನ ಸಂಜೆ, ಕೆರೆಯ ಕಡೆಯಿಂದ ಬಂದವನು ಕಾಲು ತೊಳೆಯದೆ ಹೊರಗಿನ ಕಟ್ಟೆಯ ಮೇಲೆಯೇ ಕುಳಿತು, “ಅಣ್ಣಾ, ನಾಲ್ಕು ಎಕರೆಯೆಂದು ಬರೆದಿದ್ದೀರಿ. ಮೋಜಣಿಯಾದಾಗ ಮೂರು ಎಕರೆ ಮೂವತ್ತೆರಡು ಗುಂಟೆ ಬಂದಿತ್ತು. ಬರೆಯುವದಾದರೆ ಸರಿಯಾಗಿ ಬರೆಯಿರಿ,” ಎಂದನು.

ನಾನು ಒಳಗೆ ಹೋಗಿ ಹಸ್ತಪ್ರತಿಯನ್ನು ತಂದು, ಅವನ ಎದುರಿನಲ್ಲಿಯೇ ತಿದ್ದಿದೆನು.